ಒಣಗದ ಕಾರ್ಪೆಟ್: ಎರಡು ಯಂತ್ರ, ಒಂದು ತಕ್ಕಡಿ

ಮನೆಬಳಕೆಯ ಕಾರ್ಪೆಟ್ ತೊಳೆಯುವ ಯಂತ್ರದ ಕೆಲಸ ಮೂಲತಃ ಎರಡೇ: ಶಾಂಪೂ ಬೆರೆತ ನೀರನ್ನು ಎಳೆಗಳೊಳಗೆ ಇಳಿಸುವುದು, ಕೊಳೆಯ ಸಮೇತ ಆ ನೀರನ್ನು ವಾಪಸ್ ಎಳೆದುಕೊಳ್ಳುವುದು. ನಡುವೆ ತಿರುಗುವ ಬ್ರಷ್ಷು, ಅದಕ್ಕೊಂದು ಬೆಲ್ಟು. ಯಂತ್ರ ಕೆಟ್ಟಿದೆ ಎಂದು ಬರುವ ದೂರು ಹೆಚ್ಚುಪಾಲು ಈ ಲೆಕ್ಕದಲ್ಲೇ ಎಲ್ಲೋ ತಪ್ಪಿರುತ್ತದೆ. ಒಂದೋ ಇಳಿಯುವ ನೀರು ಹೆಚ್ಚಾಗಿರುತ್ತದೆ, ಇಲ್ಲವೇ ಬರುವ ನೀರು ಕಡಿಮೆಯಾಗಿರುತ್ತದೆ. ಇಲ್ಲಿ ವಿವರಿಸಿರುವ ಪ್ರಕರಣದಲ್ಲಿ ಎರಡೂ ಒಟ್ಟಿಗೆ ಆಗಿದ್ದವು. ಮನೆಯವರ ಗುರುತು, ಯಂತ್ರದ ಹೆಸರು ಎರಡನ್ನೂ ಬಿಟ್ಟಿದೆ.

ಹಿನ್ನೆಲೆ

ಮೂರು ವರ್ಷ ಹಳೆಯ, ನಿಂತು ತಳ್ಳುವ ಮಾದರಿಯ ಯಂತ್ರ. ಶುದ್ಧ ನೀರಿಗೆ 3.5 ಲೀಟರಿನ ಟ್ಯಾಂಕು, ಕೊಳೆನೀರಿಗೆ ಬೇರೆ ಟ್ಯಾಂಕು, ಬಾಯಿಯ ಹತ್ತಿರ ನೀರು ಚಿಮ್ಮಿಸಲು ಎಡಕ್ಕೊಂದು ಬಲಕ್ಕೊಂದು ನಾಜಲ್, ಮುಂದೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ. ತೊಳೆಯಬೇಕಾದದ್ದು 2 ಮೀಟರ್ ಅಗಲ, 3 ಮೀಟರ್ ಉದ್ದದ ನೈಲಾನ್ ಕಾರ್ಪೆಟ್. ಮೊದಲೆಲ್ಲ ಸಂಜೆ ತೊಳೆದರೆ ಬೆಳಿಗ್ಗೆಗೆ ಒಣಗಿರುತ್ತಿತ್ತು. ಈಚಿನ ಎರಡು ಸಲ ಮೂವತ್ತು ಗಂಟೆ ಕಳೆದರೂ ಅಡಿಭಾಗ ತಣ್ಣಗೇ ಇತ್ತು, ಮುಗ್ಗಲು ವಾಸನೆ ಹಿಡಿದಿತ್ತು. ಒಂದು ಹಗಲು ಒಂದು ರಾತ್ರಿಗೂ ಮೀರಿ ಒದ್ದೆ ಉಳಿದ ಕಾರ್ಪೆಟ್ಟಿಗೆ ಬೂಷ್ಟು ಹಿಡಿಯುವ ಭಯವಿದೆ. ಹಾಗಾಗಿ ಇದು ಬರೀ ಕಿರಿಕಿರಿಯ ಮಾತಾಗಿರಲಿಲ್ಲ.

ದೂರಿನಲ್ಲಿ ಇನ್ನೂ ಎರಡು ಅಂಶಗಳಿದ್ದವು. ಕೆಲಸದ ನಡುವೆ ಮೋಟಾರು ಇದ್ದಕ್ಕಿದ್ದಂತೆ ಕಿರುಚುತ್ತದೆ, ಆಮೇಲೆ ನೀರು ಎಳೆಯುವುದೇ ಇಲ್ಲ. ಮತ್ತೆ, ಒಣಗಿದ ಮೇಲೂ ಕಾರ್ಪೆಟ್ ಕಾಲಿಗೆ ಅಂಟಂಟು.

ನಮ್ಮ ಕೈಗೆ ಬರುವ ಮೊದಲು

ಮನೆಯವರು ಸುಮ್ಮನೆ ಕೂತಿರಲಿಲ್ಲ. ಅವರು ಮಾಡಿದ್ದನ್ನು ಕ್ರಮವಾಗಿ ಕೇಳಿ ಬರೆದುಕೊಂಡದ್ದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಮೊದಲು ಬಲ ನಾಜಲಿನಿಂದ ನೀರು ಸಣ್ಣಗೆ ಬರುತ್ತಿತ್ತು. ಮುಂದಿನ ಮುಚ್ಚಳ ಬಿಚ್ಚಿ, ಹೊಲಿಗೆ ಸೂಜಿಯಿಂದ ನಾಜಲ್ ಚುಚ್ಚಿ 'ಸರಿ' ಮಾಡಿದರು. ಅದೇ ಮಧ್ಯಾಹ್ನ ಬ್ರಷ್ಷಿನ ಬೆಲ್ಟು ಸಡಿಲವಾಗಿದೆ ಅನ್ನಿಸಿ ಹೊಸದು ಹಾಕಿದರು. ಮುಂದಿನ ತೊಳೆತದಲ್ಲಿ ಕಾರ್ಪೆಟ್ ಒಣಗಲಿಲ್ಲ, ವಾಸನೆ ಬಂತು. ಕೊಳೆ ಹೋಗಿಲ್ಲ ಎಂದುಕೊಂಡು ಅದರ ಮುಂದಿನ ಸಲ ಶಾಂಪೂವನ್ನು ದುಪ್ಪಟ್ಟು ಸುರಿದರು. ಆಗ ಮೋಟಾರು ಕಿರುಚಲು ಶುರು. ರಿಪೇರಿಯವರೊಬ್ಬರು ಸದ್ದು ಕೇಳಿ ಮೋಟಾರು ಬದಲಿಸಬೇಕು ಎಂದರು. ಅಷ್ಟು ಹಣ ಹಾಕುವ ಬದಲು ಹೊಸ ಯಂತ್ರವನ್ನೇ ಕೊಳ್ಳೋಣವೆಂದು, ಪರಿಚಯದವರ ಚಿಕ್ಕ ಯಂತ್ರವೊಂದನ್ನು ಎರಡು ದಿನಕ್ಕೆ ತಂದಿಟ್ಟುಕೊಂಡಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ. ಆದರೆ ನಗುವಂಥದ್ದೇನಿಲ್ಲ. ಪ್ರತಿ ಹೆಜ್ಜೆಗೂ ಅದರದೇ ಒಂದು ನ್ಯಾಯವಿತ್ತು, ಅಳತೆ ಮಾತ್ರ ಇರಲಿಲ್ಲ.

ಬಿಚ್ಚುವ ಮೊದಲು ತೂಗಿದ್ದು

ಸ್ಕ್ರೂಡ್ರೈವರ್ ಮುಟ್ಟದೆ ಮೊದಲು ನೀರಿನ ಲೆಕ್ಕ ತೆಗೆಯಲು ನಿರ್ಧರಿಸಿದೆವು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಬೇರೆ ಉಪಕರಣ ಬೇಡ.

ಕಾರ್ಪೆಟ್ಟನ್ನು ಟೇಪಿನಿಂದ ಒಂದೊಂದು ಚದರ ಮೀಟರಿನ ಆರು ಚೌಕಗಳಾಗಿ ಗುರುತು ಮಾಡಿದೆವು. ಪ್ರತಿ ಪರೀಕ್ಷೆಗೂ ಒಣಗಿದ ಹೊಸ ಚೌಕ. ಶಾಂಪೂ ಇಲ್ಲದ ಬರೀ ನೀರು, ಕೋಣೆಯ ಶಾಖದ್ದು. ಪರೀಕ್ಷೆಗೆ ಮೊದಲು ಬಕೆಟ್ಟಿನಿಂದ ಒಂದಿಷ್ಟು ನೀರನ್ನು ಯಂತ್ರಕ್ಕೆ ಎಳೆಸಿ ಚೆಲ್ಲಿದೆವು. ಒಳದಾರಿ ಒಣಗಿದ್ದರೆ ಅದಕ್ಕೇ ಒಂದಷ್ಟು ನೀರು ಅಂಟಿಕೊಂಡು ಲೆಕ್ಕ ಕೆಡುತ್ತದೆ. ಆಮೇಲೆ ಎರಡೂ ಟ್ಯಾಂಕುಗಳ ತೂಕ. ದೊಡ್ಡ ಯಂತ್ರದ ಬಾಯಿಗೆ ಒಂದು ಚೌಕದಲ್ಲಿ ನಾಲ್ಕು ಪಟ್ಟಿ ಬರುತ್ತವೆ. ಪ್ರತಿ ಪಟ್ಟಿಯಲ್ಲೂ ಟ್ರಿಗರ್ ಒತ್ತಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಮೀಟರಿಗೆ ಏಳು ಸೆಕೆಂಡಿನ ವೇಗದಲ್ಲಿ. ನಂತರ ಟ್ರಿಗರ್ ಬಿಟ್ಟು ಮತ್ತೆರಡು ಸಲ, ಎಳೆಯುವುದಕ್ಕೆ ಮಾತ್ರ. ಕೊನೆಗೆ ಟ್ಯಾಂಕುಗಳನ್ನು ಮತ್ತೆ ತೂಗುವುದು.

ಮೊದಲ ಪ್ರಯತ್ನ ಅರ್ಧಕ್ಕೇ ನಿಂತಿತು. ಶಾಂಪೂ ಹಾಕದಿದ್ದರೂ ಹಿಂದಿನ ಎರಡು ತೊಳೆತಗಳ ಶೇಷ ನೊರೆಯಾಗಿ ಟ್ಯಾಂಕಿನಲ್ಲಿ ಏರಿತು, ಮೋಟಾರು ಕಿರುಚಿತು, ಎಳೆತ ನಿಂತಿತು. ಮನೆಯವರು ಹೇಳಿದ ಸದ್ದು ಅದೇ. ಕೊಳೆನೀರಿನ ಟ್ಯಾಂಕಿನೊಳಗೊಂದು ಫ್ಲೋಟ್ ಇರುತ್ತದೆ. ಟ್ಯಾಂಕು ತುಂಬಿದಾಗ ಮೇಲೆದ್ದು ಗಾಳಿಯ ದಾರಿ ಮುಚ್ಚುವುದು, ನೀರು ಮೋಟಾರಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ನೊರೆ ಅದನ್ನು ಹೊತ್ತಿಗೆ ಮೊದಲೇ ಎತ್ತಿಬಿಟ್ಟಿತ್ತು. ಗಾಳಿ ನಿಂತರೆ ಫ್ಯಾನಿಗೆ ತಳ್ಳಲು ಏನೂ ಇರುವುದಿಲ್ಲ, ಹೊರೆ ಇಳಿದು ಮೋಟಾರಿನ ವೇಗ ಏರುತ್ತದೆ. ಕಿರುಚುವುದು ಅದಕ್ಕೆ. ಮೋಟಾರು ಸಾಯುತ್ತಿದೆ ಎಂದಲ್ಲ, ಅದಕ್ಕೆ ಗಾಳಿ ಸಿಗುತ್ತಿಲ್ಲ ಎಂದು ಅರ್ಥ. ಬೇರಿಂಗ್ ಹೋದ ಮೋಟಾರಿನ ಸದ್ದೇ ಬೇರೆ: ಗರಗರ ಉಜ್ಜುವಂಥದ್ದು, ಆರಿಸಿದ ಮೇಲೂ ನಿಲ್ಲುವ ತನಕ ಕೇಳುವಂಥದ್ದು. ಇಲ್ಲಿ ಅದು ಇರಲಿಲ್ಲ. ಮೋಟಾರು ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಕೊಳೆನೀರಿನ ಟ್ಯಾಂಕಿಗೆ 5 ಮಿ.ಲೀ. ಡಿಫೋಮರ್ (ನೊರೆ ಇಳಿಸುವ ದ್ರವ) ಹಾಕಿ, ಅದರ ತೂಕ ಕಳೆದು, ಪರೀಕ್ಷೆ ಮುಂದುವರಿಸಿದೆವು. ದೊಡ್ಡ ಯಂತ್ರ 1120 ಗ್ರಾಂ ನೀರು ಇಳಿಸಿ 585 ಗ್ರಾಂ ವಾಪಸ್ ಎಳೆಯಿತು. ಉಳಿದ 535 ಗ್ರಾಂ ಕಾರ್ಪೆಟ್ಟಿನಲ್ಲಿ. ಆರು ಚೌಕಕ್ಕೆ ಲೆಕ್ಕ ಹಾಕಿದರೆ 3.2 ಲೀಟರ್. ಒಣಗದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಚಿಕ್ಕ ಯಂತ್ರದ ಬಾಯಿ ಕಿರಿದು, ಚೌಕಕ್ಕೆ ಐದು ಪಟ್ಟಿ ಬೇಕಾದವು. ಅದು ಇಳಿಸಿದ್ದು 520 ಗ್ರಾಂ, ಎಳೆದದ್ದು 395. ಉಳಿದದ್ದು ಬರೀ 125. ಇದನ್ನು ನೋಡಿದ ಮನೆಯವರಿಗೆ ಚಿಕ್ಕದನ್ನೇ ಕೊಳ್ಳುವುದು ಎಂದು ತೀರ್ಮಾನವಾಗಿಹೋಯಿತು.

ಹೋಲಿಕೆ ಎಡವಿದ ಜಾಗ

ಎರಡು ಯಂತ್ರಗಳನ್ನು ಹೋಲಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಂದು ಎರಡು ಪಟ್ಟು ನೀರು ಇಳಿಸುತ್ತಿರುವಾಗ ಉಳಿದ ನೀರನ್ನು ಮಾತ್ರ ನೋಡಿದರೆ ಎಳೆಯುವ ಶಕ್ತಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಆಳಕ್ಕೆ ಇಳಿದ ನೀರನ್ನು ಎಳೆಯುವುದು ಯಾವ ಯಂತ್ರಕ್ಕೂ ಕಷ್ಟವೇ. ಹಾಗಾಗಿ ಸ್ಪ್ರೇಯನ್ನು ಲೆಕ್ಕದಿಂದ ತೆಗೆದೆವು. ಚೊಂಬಿನಿಂದ 500 ಗ್ರಾಂ ನೀರನ್ನು ಒಂದು ಚೌಕದ ಮೇಲೆ ಸಮನಾಗಿ ಚಿಮುಕಿಸಿ, ಒಂದು ನಿಮಿಷ ಬಿಟ್ಟು, ಟ್ರಿಗರ್ ಮುಟ್ಟದೆ ಎಳೆಸುವುದು. ದೊಡ್ಡದು 310 ಗ್ರಾಂ ಎಳೆಯಿತು, ಚಿಕ್ಕದು 370.

ಈಗ ಚಿತ್ರ ಬೇರೆಯಾಯಿತು. ದೊಡ್ಡದರ ಎಳೆತ ಕಡಿಮೆಯಾಗಿರುವುದು ನಿಜ, ಆದರೆ ಹಿಂದಿನ ಲೆಕ್ಕ ತೋರಿಸಿದಷ್ಟಲ್ಲ. ದೋಷ ಎರಡಿವೆ, ಒಂದೊಂದನ್ನೂ ಬೇರೆಬೇರೆ ಹುಡುಕಬೇಕು. ಡಬ್ಬಿಯ ಮೇಲಿನ ವ್ಯಾಟ್ ಇಲ್ಲಿ ಏನೂ ಹೇಳುವುದಿಲ್ಲ. ಅದು ಯಂತ್ರ ಕರೆಂಟು ಎಷ್ಟು ತಿನ್ನುತ್ತದೆ ಎಂಬ ಲೆಕ್ಕ, ನೀರು ಎಷ್ಟು ಎಳೆಯುತ್ತದೆ ಎಂಬುದಲ್ಲ. ದೊಡ್ಡದರ ವ್ಯಾಟ್ ಚಿಕ್ಕದಕ್ಕಿಂತ ಹೆಚ್ಚೇ ಇತ್ತು.

ಅಂಗೈ ಮತ್ತು ಕಿವಿ

ಗಾಳಿ ಸೋರುವ ಜಾಗ ಹುಡುಕಲು ಮೀಟರ್ ಬೇಕಿಲ್ಲ. ಮೇಲೆ ಹೇಳಿದ ಕಿರುಚಾಟವನ್ನೇ ಬಳಸಿಕೊಳ್ಳಬಹುದು. ಗಾಳಿಯ ದಾರಿಯನ್ನು ಎಲ್ಲಿ ಪೂರ್ತಿ ಮುಚ್ಚಿದರೂ ಸದ್ದಿನ ಶ್ರುತಿ ಏರಬೇಕು. ಏರದಿದ್ದರೆ ಮುಚ್ಚಿದ ಜಾಗಕ್ಕೂ ಮೋಟಾರಿಗೂ ನಡುವೆ ಎಲ್ಲೋ ಗಾಳಿ ಕದ್ದು ನುಗ್ಗುತ್ತಿದೆ ಎಂದರ್ಥ.

ಯಂತ್ರದ ಬಾಯಿಯನ್ನು ಒದ್ದೆ ರಬ್ಬರ್ ಹಾಳೆಯ ಮೇಲೆ ಒತ್ತಿ ಮುಚ್ಚಿದೆವು. ಶ್ರುತಿ ಏರಿತೋ ಇಲ್ಲವೋ ಎಂಬಷ್ಟು. ಕೈಪೈಪು (ಕೈಯಲ್ಲಿ ಹಿಡಿದು ತೊಳೆಯುವ ಪೈಪು) ಸಿಕ್ಕಿಸುವ ಜಾಗವನ್ನು ಅಂಗೈಯಿಂದ ಮುಚ್ಚಿ ನೋಡಿದೆವು: ಸ್ಪಷ್ಟವಾಗಿ ಏರಿತು, ಅಂಗೈಯನ್ನು ಕಚ್ಚಿ ಹಿಡಿಯಿತು. ಎಂದರೆ ಮೋಟಾರು, ಟ್ಯಾಂಕು, ಟ್ಯಾಂಕಿನ ಗ್ಯಾಸ್ಕೆಟ್ಟು ಎಲ್ಲ ಚೆನ್ನಾಗಿವೆ. ಸೋರಿಕೆ ಇರುವುದು ಅಲ್ಲಿಂದ ಬಾಯಿಯವರೆಗಿನ ಒಂದು ಮೊಳ ದಾರಿಯಲ್ಲಿ. ಟ್ಯಾಂಕಿನ ಗ್ಯಾಸ್ಕೆಟ್ ಬದಲಿಸಿ ನೋಡೋಣ ಎಂದು ಹೊರಟಿದ್ದರೆ ಇನ್ನೊಂದು ವಾರ ಹೋಗುತ್ತಿತ್ತು.

ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯನ್ನು ಪಾರದರ್ಶಕ ಮುಚ್ಚಳದ ಅಂಚಿನುದ್ದಕ್ಕೂ ಸರಿಸುತ್ತ ಹೋದಾಗ ಎಡ ಮೂಲೆಯಲ್ಲಿ ಅದು ಸೊಯ್ಯನೆ ಒಳಕ್ಕೆ ಎಳೆದುಕೊಂಡಿತು. ಯಂತ್ರ ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ತೆಗೆದೆವು. ಎಡಗಡೆಯ ಕೊಕ್ಕೆ ಬುಡದಲ್ಲೇ ಮುರಿದಿತ್ತು. ಬಲಗಡೆ ಸ್ಕ್ರೂ ಬಿಗಿಯಾಗಿದ್ದರಿಂದ ಹೊರಗಿನಿಂದ ನೋಡಿದರೆ ಎಲ್ಲ ಸರಿ. ಎಡಗಡೆ ಮಾತ್ರ 12 ಸೆಂ.ಮೀ. ಉದ್ದಕ್ಕೆ ಒಂದೂವರೆ ಮಿ.ಮೀ. ಸಂದು. ಎಂದರೆ 1.8 ಚದರ ಸೆಂ.ಮೀ. ನೀರು ಎಳೆಯುವ ಬಾಯಿ 26 ಸೆಂ.ಮೀ. ಉದ್ದ, 2 ಮಿ.ಮೀ. ಅಗಲ, 5.2 ಚದರ ಸೆಂ.ಮೀ. ಬಾಯಿಯ ಮೂರನೇ ಒಂದು ಪಾಲಿನಷ್ಟು ದೊಡ್ಡ ತೂತು ಪಕ್ಕದಲ್ಲೇ ತೆರೆದಿತ್ತು. ಗಾಳಿಗೆ ಒದ್ದೆ ಎಳೆಗಳ ನಡುವೆ ನುಸುಳುವುದಕ್ಕಿಂತ ಆ ಸಂದಿನ ದಾರಿ ಸುಲಭ.

ಹೊಸ ಮುಚ್ಚಳ ಬರುವ ತನಕ, ಅಂಚನ್ನು ಒಣಗಿಸಿ ನೀರು ತಡೆಯುವ ಅಗಲ ಟೇಪು ಸುತ್ತಿ ಪರೀಕ್ಷೆ ಮುಂದುವರಿಸಿದೆವು. ಟೇಪು ರಿಪೇರಿಯಲ್ಲ, ಊಹೆ ಸರಿಯೇ ಎಂದು ದುಡ್ಡು ಹಾಕುವ ಮೊದಲು ತಿಳಿಯುವ ದಾರಿ. ಚೊಂಬಿನ ಪರೀಕ್ಷೆಯಲ್ಲಿ 500ರಲ್ಲಿ 400 ಗ್ರಾಂ ಬಂತು. ಚಿಕ್ಕ ಯಂತ್ರದ 370ನ್ನು ದಾಟಿತ್ತು.

ಮನೆಯವರು ನಿಟ್ಟುಸಿರು ಬಿಟ್ಟರು. ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧ ರಿಪೇರಿಯೇ ಆಗುತ್ತಿತ್ತು. ಕೊನೆಯ ಒಣ ಚೌಕದಲ್ಲಿ ಮಾಮೂಲು ಪರೀಕ್ಷೆ ಮಾಡಿದಾಗ ಇಳಿದದ್ದು 1120, ಬಂದದ್ದು 885, ಉಳಿದದ್ದು 235. ಮೊದಲಿನ ಅರ್ಧಕ್ಕಿಂತ ಕಡಿಮೆ, ನಿಜ. ಆದರೂ ಚಿಕ್ಕ ಯಂತ್ರ ಬಿಟ್ಟದ್ದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು.

ಸೂಜಿ ಮಾಡಿದ ಕೆಲಸ

ಎರಡು ನಾಜಲ್‌ಗಳ ಕೆಳಗೂ ಒಂದೊಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಮೂವತ್ತು ಸೆಕೆಂಡು ಟ್ರಿಗರ್ ಒತ್ತಿ, ಚೀಲಗಳನ್ನು ತೂಗಿದೆವು. ಎಡದ್ದು 190 ಗ್ರಾಂ, ಬಲದ್ದು 410.

ಬಲ ನಾಜಲನ್ನು ಬಿಚ್ಚಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಎದ್ದು ಕಾಣುತ್ತಿತ್ತು. ಎಡ ನಾಜಲಿನ ಬಾಯಿ ಬೆಕ್ಕಿನ ಕಣ್ಣಿನ ಪಾಪೆಯಂತೆ ಸಣ್ಣ ಸೀಳು, ಅಂಚು ಚೂಪಾಗಿ, ನುಣುಪಾಗಿ. ಬಲದ್ದು ದುಂಡಗಾಗಿತ್ತು. ಅಂಚಿನಲ್ಲಿ ಬಿಳಿಚಿದ ಗೀರುಗಳು, ಒಂದು ಕಡೆ ಪ್ಲಾಸ್ಟಿಕ್ಕಿನ ನಾರು ಎದ್ದಿತ್ತು. ನೀರನ್ನು ಬೀಸಣಿಗೆಯಂತೆ ಹರಡುವುದು ಆ ಸೀಳಿನ ಆಕಾರ. ಸೂಜಿ ಅದನ್ನು ಅಗಲಿಸಿದ ಮೇಲೆ ನೀರು ಹರಡುವ ಬದಲು ಧಾರೆಯಾಗಿ ಒಂದೇ ಗೆರೆಯಲ್ಲಿ ಬೀಳುತ್ತಿತ್ತು. ಸೂಜಿ ಚುಚ್ಚಿದ ಮೇಲಿನ ಮೊದಲ ತೊಳೆತದಿಂದಲೂ ಬಲಗಡೆ ಗೆರೆಗೆರೆಯಾಗಿ ಒದ್ದೆ ಉಳಿಯುತ್ತಿತ್ತು ಎಂದು ಮನೆಯವರಿಗೆ ಆಗ ನೆನಪಾಯಿತು. ಹರಿವು ತೂತಿನ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವ್ಯಾಸ ಒಂದೂವರೆ ಪಟ್ಟಾದರೆ ನೀರು ಎರಡು ಪಟ್ಟನ್ನೂ ಮೀರುತ್ತದೆ. ಕಣ್ಣಿಗೆ ಅದು ಕೂದಲೆಳೆಯ ವ್ಯತ್ಯಾಸ ಅಷ್ಟೆ.

ನಾಜಲ್ ಕಟ್ಟಿಕೊಳ್ಳುವುದು ಗಡಸು ನೀರಿನ ಸುಣ್ಣದಿಂದ, ಒಣಗಿದ ಶಾಂಪೂವಿನಿಂದ. ಅದನ್ನು ಬಿಚ್ಚಿ, ಬಿಳಿ ವಿನೆಗರ್ ಮತ್ತು ಬಿಸಿನೀರು ಸಮಸಮ ಬೆರೆಸಿದ್ದರಲ್ಲಿ ಅರ್ಧ ಗಂಟೆ ನೆನೆಸಿ, ಹಿಂದಿನಿಂದ ನೀರು ಹಾಯಿಸಿದರೆ ಸಾಕು. ಹಳೆಯ ಮೆದು ಟೂತ್‌ಬ್ರಷ್ ಬಳಸಬಹುದು. ಸೂಜಿ, ಪಿನ್ನು, ತಂತಿ ಯಾವುದೂ ಕೂಡದು. ರಬ್ಬರ್ ವಾಷರನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ವಾಸಿ.

ನಾಜಲ್ ಒಂದನ್ನೇ ಬದಲಿಸಬೇಕೋ ಎರಡನ್ನೂ ಬದಲಿಸಬೇಕೋ ಎಂಬ ಪ್ರಶ್ನೆ ಬಂತು. ಎರಡನ್ನೂ ಬದಲಿಸಿದೆವು. ಪಂಪ್ ಒಂದೇ, ಒಂದು ಬಾಯಿ ಹೊಸದು, ಇನ್ನೊಂದು ಮೂರು ವರ್ಷದ ಸುಣ್ಣ ಕಟ್ಟಿದ್ದಾದರೆ ಹರಿವು ಸಮ ಆಗುವುದಿಲ್ಲ. ಜೋಡಿಸಿದ ಮೇಲೆ ಪಂಪ್ ಗುಂಯ್‌ಗುಟ್ಟಿತೇ ಹೊರತು ನೀರು ಬರಲಿಲ್ಲ. ಹೊಸ ಕೆಲಸ ಕೆಟ್ಟಿತೇನೋ ಎಂದು ಗಾಬರಿಪಡುವವರು ಇಲ್ಲಿ ತುಂಬಾ ಜನ. ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಷ್ಟೆ. ಟ್ಯಾಂಕು ತುಂಬಿ, ಕೈಪೈಪಿನ ತುದಿಯನ್ನು ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ಹಿಡಿದು ಒಂದು ನಿಮಿಷ ಟ್ರಿಗರ್ ಒತ್ತಿದರೆ ಗಾಳಿ ಹೊರಟುಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ನೀರಿಲ್ಲದೆ ಓಡಿಸುತ್ತಲೇ ಇದ್ದರೆ ಪಂಪ್ ಬಿಸಿಯಾಗುತ್ತದೆ.

ಚೀಲದ ಪರೀಕ್ಷೆ ಮತ್ತೊಮ್ಮೆ: ಎಡ 215, ಬಲ 220. ಬಲಗಡೆಯ ದೊಡ್ಡ ತೂತು ಒತ್ತಡ ಕದಿಯುವುದು ನಿಂತದ್ದರಿಂದ ಮತ್ತು ಸುಣ್ಣ ಹೋದದ್ದರಿಂದ ಎಡದ್ದೂ ಸ್ವಲ್ಪ ಏರಿತ್ತು.

ನೊರೆಯ ಬಾಕಿ

ಯಂತ್ರ ಸರಿಯಾದರೂ ಕಾರ್ಪೆಟ್ ಸರಿಯಾಗಿರಲಿಲ್ಲ. ದುಪ್ಪಟ್ಟು ಶಾಂಪೂ ಅದರೊಳಗೇ ಕುಳಿತಿತ್ತು. ಅಂಟಂಟಿಗೆ ಕಾರಣ ಅದೇ. ಅಂಥ ಎಳೆ ಧೂಳನ್ನು ಇನ್ನೂ ಬೇಗ ಹಿಡಿಯುತ್ತದೆ, ಮತ್ತೆ ಕೊಳೆಯಾಯಿತೆಂದು ಇನ್ನಷ್ಟು ಶಾಂಪೂ ಹಾಕುತ್ತಾರೆ, ಹೀಗೇ ಸುತ್ತು. ಬರೀ ನೀರಿನಿಂದ ಜಾಲಿಸುವುದೊಂದೇ ದಾರಿ. ಎಷ್ಟು ಸಲ ಎಂದು ತಿಳಿಯಲು, ವಾಪಸ್ ಬಂದ ನೀರನ್ನು ಗಾಜಿನ ಭರಣಿಗೆ ಅರ್ಧ ತುಂಬಿ, ಮುಚ್ಚಿ, ಹತ್ತು ಸಲ ಕುಲುಕಿ ಇಟ್ಟೆವು. (ಇದಕ್ಕೆ ತೆಗೆಯುವ ನೀರಿಗೆ ಡಿಫೋಮರ್ ಸೇರಿರಬಾರದು.) ಮೊದಲ ಸುತ್ತಿನ ನೀರಿನಲ್ಲಿ ನಾಲ್ಕು ಬೆರಳು ನೊರೆ ನಿಂತಿತು, ಒಂದು ನಿಮಿಷವಾದರೂ ಇಳಿಯಲಿಲ್ಲ. ನಾಲ್ಕನೇ ಸುತ್ತಿನ ಹೊತ್ತಿಗೆ ಅಂಚಿನಲ್ಲಿ ತೆಳುವಾದ ಗುಳ್ಳೆಸಾಲು ಮಾತ್ರ.

ನಾಲ್ಕು ಸುತ್ತನ್ನೂ ಒಂದೇ ದಿನ ಮಾಡಲಿಲ್ಲ. ಎರಡು ಮಾಡಿ, ಕಾರ್ಪೆಟ್ಟಿನ ಅಂಚನ್ನು ಎತ್ತಿ ಕೆಳಗೆ ಗಾಳಿಯಾಡುವಂತೆ ಆಸರೆ ಕೊಟ್ಟು, ಫ್ಯಾನ್ ಹಾಕಿ, ಪೂರ್ತಿ ಒಣಗಿದ ಮೇಲೆ ಮತ್ತೆರಡು. ಉಣ್ಣೆಯದಾಗಿದ್ದರೆ ಇಷ್ಟು ಧೈರ್ಯ ಮಾಡುತ್ತಿರಲಿಲ್ಲ. ಉಣ್ಣೆ ನೀರು ಹೀರುತ್ತದೆ, ಕುಗ್ಗುತ್ತದೆ. ಸೆಣಬಿನ ಹಿಂಬದಿ ಇದ್ದರೆ ಹೆಚ್ಚು ಹೊತ್ತು ಒದ್ದೆ ಇದ್ದಾಗ ಕಂದು ಬಣ್ಣ ಮೇಲಕ್ಕೆ ಏರುತ್ತದೆ. ಬಿಸಿನೀರೆಂದು ಕುದಿಯುವ ನೀರನ್ನು ಟ್ಯಾಂಕಿಗೆ ಸುರಿಯುವುದೂ ತಪ್ಪು. ಪ್ಲಾಸ್ಟಿಕ್ ಸೊಟ್ಟಗಾದರೆ ಇದೇ ಬಗೆಯ ಸೋರಿಕೆ ಇನ್ನೊಂದು ಜಾಗದಲ್ಲಿ ಹುಟ್ಟುತ್ತದೆ. ಯಂತ್ರದ ಕೈಪಿಡಿಯಲ್ಲಿ ಕೊಟ್ಟ ಶಾಖದ ಮಿತಿಯನ್ನು ನೋಡಿಕೊಳ್ಳಬೇಕು.

ಫಲಿತಾಂಶ, ಮತ್ತೊಮ್ಮೆ ಹೋಲಿಕೆ

ಹೊಸ ಮುಚ್ಚಳ, ಹೊಸ ನಾಜಲ್, ಜಾಲಿಸಿ ಒಣಗಿದ ಕಾರ್ಪೆಟ್. ಈಗ ದೊಡ್ಡ ಯಂತ್ರ ಇಳಿಸಿದ್ದು 815 ಗ್ರಾಂ, ಎಳೆದದ್ದು 660, ಉಳಿದದ್ದು 155. ಪಾಲಿನ ಲೆಕ್ಕದಲ್ಲಿ ನೂರಕ್ಕೆ 81; ಚಿಕ್ಕದರದ್ದು ನೂರಕ್ಕೆ 76. ಸಂಜೆ ಆರಕ್ಕೆ ತೊಳೆದ ಕಾರ್ಪೆಟ್ ಮರುದಿನ ಬೆಳಗಿನ ಹೊತ್ತಿಗೆ ಅಡಿಭಾಗವೂ ಸೇರಿ ಒಣಗಿತ್ತು.

ಕೊಳೆ ತೆಗೆಯುವುದರಲ್ಲಿ ಯಾವುದು ಮೇಲು? ಎರಡೂ ಟ್ಯಾಂಕುಗಳ ಕೊಳೆನೀರನ್ನು ಪಕ್ಕಪಕ್ಕ ಇಟ್ಟು ಬಣ್ಣ ನೋಡುವ ರೂಢಿಯಿದೆ. ಅದು ಮೋಸ. ಕಡಿಮೆ ನೀರು ಬಳಸುವ ಯಂತ್ರದ ನೀರು ಕಪ್ಪಾಗಿಯೇ ಕಾಣುತ್ತದೆ, ಬಗ್ಗಡ ಗಟ್ಟಿಯಾಗಿರುತ್ತದೆ ಅಷ್ಟೆ. ಚಿಕ್ಕದರ ನೀರು ಇಲ್ಲೂ ಹೆಚ್ಚು ಕಪ್ಪಾಗಿತ್ತು. ನಡೆದಾಡುವ ದಾರಿಯ ಅಕ್ಕಪಕ್ಕದ ಎರಡು ಚೌಕಗಳ ನೀರನ್ನು ಮೊದಲೇ ಒಣಗಿಸಿ ತೂಗಿದ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಒಣಗಿಸಿ, ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಟ್ಟಾಗ ಚಿಕ್ಕದರದ್ದು 0.9 ಗ್ರಾಂ, ದೊಡ್ಡದರದ್ದು 1.4. ಒಂದೇ ಜೋಡಿ ಚೌಕದ ಲೆಕ್ಕ ಇದು, ಇದನ್ನೇ ಶಾಸನವೆಂದು ಹಿಡಿಯಬಾರದು. ಎರಡೂ ಚೌಕಗಳನ್ನು ಮೊದಲು ಒಣ ವ್ಯಾಕ್ಯೂಮ್ ಮಾಡಲಾಗಿತ್ತು. ಅದನ್ನು ಬಿಟ್ಟರೆ ಕೂದಲು, ಮರಳು ಎಲ್ಲ ಸೇರಿ ಅಂಕಿಗೆ ಅರ್ಥವೇ ಇರುವುದಿಲ್ಲ.

ಚಿಕ್ಕ ಯಂತ್ರ ಕೆಟ್ಟದ್ದೆಂದು ಇದರಿಂದ ಹೇಳುವಂತಿಲ್ಲ. ಚೆಲ್ಲಿದ ಕಲೆ, ಮೆಟ್ಟಿಲು, ಸೋಫಾ, ಬೇಗ ಒಣಗಬೇಕಾದ ಜಾಗ ಇವಕ್ಕೆ ಅದೇ ಹಗುರ. ಆದರೆ ಅದರ ಟ್ಯಾಂಕು ಒಂದೂವರೆ ಲೀಟರಿನದು. ಆರು ಚದರ ಮೀಟರಿಗೆ ಎರಡು ಸಲ ಎದ್ದು ನೀರು ತುಂಬಬೇಕು, ಪ್ರತಿ ಸಲವೂ ಕೊಳೆನೀರು ಚೆಲ್ಲಬೇಕು. ವರ್ಷಕ್ಕೆ ಎರಡು ಸಲ ಇಡೀ ಕಾರ್ಪೆಟ್ ತೊಳೆಯುವ ಮನೆಗೆ ದೊಡ್ಡದೇ ಸರಿ ಎಂದು ತೀರ್ಮಾನವಾಗಿ, ಎರವಲು ತಂದದ್ದು ವಾಪಸ್ ಹೋಯಿತು.

ತೀರ್ಮಾನಗಳ ಬಗ್ಗೆ

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ: ಎರಡು ದೋಷಗಳೂ ಒಂದೇ ಮಧ್ಯಾಹ್ನ ಹುಟ್ಟಿದವು. ಸೂಜಿ ಚುಚ್ಚಲು ಮುಚ್ಚಳ ಬಿಚ್ಚಿದರು, ಅದನ್ನು ವಾಪಸ್ ಒತ್ತುವಾಗ ಕೊಕ್ಕೆ ಮುರಿಯಿತು. ಅದೇ ಹೊತ್ತಿನಲ್ಲಿ ಬೆಲ್ಟನ್ನೂ ಬದಲಿಸಿದ್ದರಿಂದ, ಏನೋ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ಹೇಳಲು ಆಗಲಿಲ್ಲ. ಹೊಸ ಬೆಲ್ಟಿನ ಮೇಲೇ ಅನುಮಾನ ಬಂದು ಇನ್ನೊಂದು ಬೆಲ್ಟು ತರಿಸಿದ್ದರು, ಅದು ಇನ್ನೂ ಡಬ್ಬಿಯಲ್ಲೇ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ತೂಗಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿದ್ದರೆ ಶಾಂಪೂ ದುಪ್ಪಟ್ಟು ಸುರಿಯುವವರೆಗೆ ಮಾತು ಹೋಗುತ್ತಿರಲಿಲ್ಲ.

ನಮ್ಮ ಕಡೆಯಿಂದಲೂ ಒಂದು ತಪ್ಪಾಯಿತು. ಚೀಲದ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಐದು ನಿಮಿಷದ ಕೆಲಸ, ಕಾರ್ಪೆಟ್ಟನ್ನು ಒದ್ದೆ ಮಾಡುವ ಅಗತ್ಯವೂ ಇರಲಿಲ್ಲ. ಅದನ್ನು ಕೊನೆಗೆ ಇಟ್ಟುಕೊಂಡದ್ದರಿಂದ ಆರು ಒಣ ಚೌಕಗಳೂ ಖರ್ಚಾಗಿ, ಕಡೆಯ ಅಳತೆಗೆ ಕಾರ್ಪೆಟ್ ಒಣಗುವ ತನಕ ಕಾಯಬೇಕಾಯಿತು.

ಆರು ತಿಂಗಳ ನಂತರದ ತಪಾಸಣೆಯಲ್ಲಿ ಎಡ ನಾಜಲ್ 215 ಗ್ರಾಂ, ಬಲದ್ದು 185. ಮತ್ತೆ ಸುಣ್ಣ. ಮನೆಯವರು ಈ ಸಲ ಅದನ್ನು ವಿನೆಗರಿನಲ್ಲಿ ನೆನೆಸಿ, ಜೋಡಿಸಿ, ತೂಗಿದರು. 215.